ಗೇಟ್‌ನಲ್ಲಿ ನಿಂತವರು

ನಮ್ಮ ಕೋಲಾರದ ಕಡೆ ಹೆದ್ದಾರಿಯಿಂದ ಹಳ್ಳಿಗೆ ತಿರುಗುವ ಜಾಗವನ್ನು ‘ಗೇಟ್’ ಅಂತೀವಿ. ಅಲ್ಲಿ ಬಾಗಿಲೂ ಇರೋದಿಲ್ಲ, ಕಂಬವೂ ಇರೋದಿಲ್ಲ. ಒಂದು ಟೀ ಅಂಗಡಿ, ಒಂದು ಪಂಕ್ಚರ್ ಅಂಗಡಿ, ಬಸ್ಸಿಗೆ ಕಾಯುವ ನಾಲ್ಕು ಜನ, ಅಷ್ಟೇ. ಕಂಡಕ್ಟರಿಗೆ ‘ವಡಗೂರು ಗೇಟ್’ ಅಂದರೆ ಸಾಕು, ಇಳಿಸುತ್ತಾನೆ. ಮದ್ರಾಸಿನ ಈ ದಾರಿಗೆ ಮೊದಲು ನಾಲ್ಕನೇ ನಂಬರಿತ್ತು, ಈಗ 75. ನಂಬರಿನ ಜೊತೆ ಅಗಲವೂ ಬದಲಾಯಿತು. ಗೇಟುಗಳು ಉಳಿದವು, ನೆರಳು ಹೋಯಿತು.

ಬೆಂಗಳೂರಿನ ಒಂದು ಆರ್ಕಿಟೆಕ್ಚರ್ ಕಾಲೇಜಿನ ವಿದ್ಯಾರ್ಥಿಗಳು ಕಳೆದ ವರ್ಷ ಈ ಹೆದ್ದಾರಿಯ ಅಂಚನ್ನೇ ಪ್ರಾಜೆಕ್ಟಿಗೆ ಆರಿಸಿಕೊಂಡರು. ಅವರ ಮೇಷ್ಟ್ರು ನನ್ನ ಸ್ನೇಹಿತರು. ಊರಿನವನು ಜೊತೆಗಿರಲಿ ಅಂತ ನನ್ನನ್ನೂ ಕರೆದರು.

ಮೊದಲ ಸುತ್ತಿನ ನಕ್ಷೆಗಳೆಲ್ಲ ಕಾರಿನ ಕಿಟಕಿಯಿಂದ ನೋಡಿ ಬರೆದಂತಿದ್ದವು. ಅಂತರಗಂಗೆ ಬೆಟ್ಟಕ್ಕೆ ಬಣ್ಣದ ದೀಪ, ಊರಿನ ಹೆಸರು ಬರೆದ ಸೆಲ್ಫಿ ಪಾಯಿಂಟ್, ಡಿವೈಡರ್ ತುಂಬ ಹೂವು. ಮೂರು ತಂಡಗಳು ದಕ್ಷಿಣ ಕೊರಿಯಾದ ಸೋಲ್ ನಗರವನ್ನು ತೋರಿಸಿದವು. ಅಲ್ಲಿ ಮೇಲ್ಸೇತುವೆ ರಸ್ತೆಯನ್ನು ಕೆಡವಿ, ಅದರಡಿ ಮುಚ್ಚಿಹೋಗಿದ್ದ ಚಿಯಾಂಗ್‌ಗೆಚಿಯಾನ್ ತೊರೆಯನ್ನು 2005ರಲ್ಲಿ ಮತ್ತೆ ಹರಿಯುವಂತೆ ಮಾಡಿದರು. ಚೆನ್ನಾಗಿದೆ. ಆದರೆ ನಮ್ಮ ಹೆದ್ದಾರಿಯನ್ನು ಕೆಡವುವವರು ಯಾರು?

ಹೂವೇನೂ ಹೊಸದಲ್ಲ. 2015ರ ಹಸಿರು ಹೆದ್ದಾರಿ ನೀತಿಯ ಪ್ರಕಾರ ಕಾಮಗಾರಿ ವೆಚ್ಚದ ಶೇಕಡ 1ರಷ್ಟನ್ನು ಗಿಡಮರಗಳಿಗೆ ತೆಗೆದಿಡಬೇಕು. ಡಿವೈಡರಿನ ಕಣಗಿಲೆಗೂ ಕಾರಣವಿದೆ: ಎದುರು ವಾಹನದ ಬೆಳಕು ಕಣ್ಣಿಗೆ ಹೊಡೆಯೋದಿಲ್ಲ, ದನ ಬಾಯಿ ಹಾಕೋದಿಲ್ಲ. ಗೇಟಿನಲ್ಲಿ ನಿಂತವನ ನೆತ್ತಿಗೆ ಮಾತ್ರ ಕಣಗಿಲೆ ಏನೂ ಮಾಡಲಾರದು.

ಮರುವಾರ ನಡೆದೇ ಹೊರಟೆವು. ಹುಡುಗಿಯೊಬ್ಬಳು ಟೇಪು ಬಿಚ್ಚಿದಳೋ ಇಲ್ಲವೋ, ಟೀ ಅಂಗಡಿಯ ಬೆಂಚಿನಿಂದ ಒಬ್ಬ ಹಿರಿಯರು ಎದ್ದು ಬಂದರು. ‘ಏನಮ್ಮಾ, ಮತ್ತೆ ಅಳೀತಿದೀರಾ? ಇನ್ನೆಷ್ಟು ಹೋಗ್ತದೆ ನಮ್ದು?’

ಆಕೆ ಟೇಪು ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ ಹೆಜ್ಜೆಯಲ್ಲೇ ಅಳತೆ.

ಆ ಪ್ರಶ್ನೆ ನನಗೆ ಹೊಸದಲ್ಲ. ನಮ್ಮ ಮನೆ ರಸ್ತೆಯ ಈ ಕಡೆ, ತೋಟ ಆ ಕಡೆ. ರಸ್ತೆ ಅಗಲವಾದ ಮೇಲೆ ತೋಟಕ್ಕೆ ಹೋಗಬೇಕೆಂದರೆ ಅಂಡರ್‌ಪಾಸ್‌ವರೆಗೆ ನಡೆದು ಸುತ್ತಿ ಬರಬೇಕು. ಅಪ್ಪ ಸುತ್ತಲಿಲ್ಲ. ಹುಲ್ಲಿನ ಹೊರೆ ಹೊತ್ತುಕೊಂಡೇ ಡಿವೈಡರ್ ಹತ್ತಿ ಇಳಿಯುತ್ತಿದ್ದರು. ಲಾರಿ ಉದ್ದಕ್ಕೆ ಹಾರನ್ ಒತ್ತಿದಾಗೆಲ್ಲ ಅಮ್ಮ ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಮಂಡಿನೋವು ಬಂದಿದ್ದೇ ಒಳ್ಳೆಯದಾಯಿತು, ಅಪ್ಪ ತೋಟಕ್ಕೆ ಹೋಗೋದು ನಿಲ್ಲಿಸಿದರು. ತೋಟವೂ ನಿಂತಿತು.

ಇದನ್ನು ನಾನು ಹುಡುಗರಿಗೆ ಹೇಳಿದ್ದು ನರಸಾಪುರದ ಹತ್ತಿರ, ಒಂದು ಮೋರಿಯ ಮೇಲೆ ಕೂತು. ನಮ್ಮ ಜಿಲ್ಲೆಯ ಕೆರೆಗಳು ಸರಪಳಿಯಂತೆ. ಒಂದು ಕೋಡಿ ಹರಿದರೆ ಮುಂದಿನದಕ್ಕೆ ನೀರು. ಹೆದ್ದಾರಿ ಆ ಸರಪಳಿಯನ್ನು ಅಡ್ಡ ಹಾಯುವಲ್ಲೆಲ್ಲ ಒಂದೊಂದು ಮೋರಿ. 2018ರಿಂದ ಕೆ.ಸಿ. ವ್ಯಾಲಿಯ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ಇಲ್ಲಿಯ ಕೆರೆಗಳಿಗೆ ಬರುತ್ತಿದೆ. ಆ ನೀರಿನ ಗುಣದ ಬಗ್ಗೆ ಜಗಳ ಇದ್ದೇ ಇದೆ. ಕೆರೆಯಲ್ಲಿ ನೀರು ಕಂಡಿದ್ದಂತೂ ನಿಜ.

ಟೇಪು ಸುತ್ತಿಟ್ಟ ಹುಡುಗಿಯೇ ಆ ಮೋರಿಯನ್ನು ಬರೆದು ತಂದಳು. ನೀರಿಗಷ್ಟೇ ಇದ್ದ ಕಿಂಡಿಯನ್ನು ಅಗಲ ಮಾಡಿ, ಪಕ್ಕಕ್ಕೆ ಕಾಲುವೆಯ ಪೂರ್ತಿ ಹರಿವಿಗಿಂತ ಎತ್ತರದಲ್ಲಿ ಒಂದು ಕಾಲುದಾರಿ. ಹೊರೆ ಹೊತ್ತವರು, ಹಸು ಹಿಡಿದವರು ಬಗ್ಗದೆ ದಾಟಬಹುದು. ಮೇಲೆ ಗೇಟಿನಲ್ಲಿ ಹುಣಸೆ, ಹೊಂಗೆ, ಮಾವಿನ ಸಣ್ಣ ಗುಂಡುತೋಪು. ಮಾಲೂರಿನ ಹೆಂಚು, ಇಟ್ಟಿಗೆಯದೇ ತಂಗುದಾಣ. ಮಾವಿನ ಕಾಲಕ್ಕೆ ಶ್ರೀನಿವಾಸಪುರದ ಹಣ್ಣಿನ ಬುಟ್ಟಿ ಇಡಲು ಕಟ್ಟೆ. ಗುಂಡುತೋಪು ಅನ್ನೋ ಮಾತನ್ನು ಅವಳಿಗೆ ಹೇಳಿಕೊಟ್ಟವರು ಆ ಬೆಂಚಿನ ಹಿರಿಯರಂತೆ. ಸೋಲ್ ನಗರಕ್ಕೆ ಹೋಗಿಬಂದ ಹುಡುಗರಿಗೆ ನಮ್ಮೂರಿನ ತೋಪು ಅಷ್ಟು ದೂರವಿತ್ತು!

ಮುಳಬಾಗಿಲಿನ ತಂಡದ್ದು ಮಾತ್ರ ನನಗೆ ಹಿಡಿಸಲಿಲ್ಲ. ಮೂಡಲ ಬಾಗಿಲು ಅನ್ನೋ ಹೆಸರನ್ನೇ ಹಿಡಿದು ರಸ್ತೆಗೆ ಅಡ್ಡಲಾಗಿ ದೊಡ್ಡ ಕಮಾನು ನಿಲ್ಲಿಸಿದ್ದರು. ಕಮಾನಿನ ಕೆಳಗೆ ಯಾರೂ ಬಸ್ಸಿಗೆ ಕಾಯೋದಿಲ್ಲ.

ಮಾಲೂರಿನ ಮೇಲೆ ಹಾದುಹೋಗುವ ಹೊಸ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ಗೇಟುಗಳೇ ಇಲ್ಲ. ಬೇಲಿಯ ಆಚೆ ಹಳ್ಳಿ, ಈಚೆ ವೇಗ. ಅಲ್ಲಿ ನಿಲ್ಲುವವರ ಪ್ರಶ್ನೆಯೇ ಇರದಂತೆ ಕಟ್ಟಿದ್ದಾರೆ. ಹಾಗಾಗಿ ಹಳೆಯ ದಾರಿಯಲ್ಲಿ ಈಗಲೂ ನಿಲ್ಲುವವರ ಬಗ್ಗೆ ಯೋಚಿಸುವ ಹುಡುಗರನ್ನು ಕಂಡರೆ ನನಗೆ ಸ್ವಲ್ಪ ಹೆಚ್ಚೇ ಪ್ರೀತಿ.

ಕೊನೆಯ ದಿನ ನೋಡಲು ಬಂದಿದ್ದ ಎಂಜಿನಿಯರೊಬ್ಬರು ತೋಪಿನ ನಕ್ಷೆ ನೋಡಿ ಕೇಳಿದರು: ‘ಗಿಡ ನೆಡ್ತೀರಮ್ಮಾ, ಬೇಸಗೆಯಲ್ಲಿ ನೀರು ಹಾಕೋರು ಯಾರು?’

‘ಟೀ ಅಂಗಡಿಯ ಅಕ್ಕ ಲೋಟ ತೊಳೆದ ನೀರನ್ನ ದಿನಾ ರಸ್ತೆಗೆ ಚೆಲ್ತಾರೆ ಸರ್.’

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ನಕ್ಷೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: ದಿನಕ್ಕೆ ನಾಲ್ಕು ಬಿಂದಿಗೆ. ಅದನ್ನು ಮಾತ್ರ ಅಳತೆ ಮಾಡಿಯೇ ಬರೆದಿದ್ದಳು.