ಎರಡು ಮನೆಗಳ ನಡುವೆ

ನಿಸ್ತಂತು ಎಂಬ ಹೆಸರನ್ನು ಕೇಳಿ ತಂತಿಯ ಕಾಟವು ತೀರಿತೆಂದು ನಂಬುವವರು ಮಲೆನಾಡಿನ ಗೋಡೆಗಳನ್ನು ಕಂಡವರಲ್ಲ. 1895ರಲ್ಲಿ ಜಗದೀಶಚಂದ್ರ ಬೋಸರು ಕಲಕತ್ತೆಯ ಪುರಭವನದಲ್ಲಿ ವಿದ್ಯುತ್ತರಂಗಗಳನ್ನು ಗೋಡೆಯಾಚೆಗೆ ಕಳುಹಿಸಿ ಗಂಟೆ ಬಾರಿಸಿದರು. ಅವರಿಗೆ ನಮ್ಮ ಹಳೆಯ ಮನೆಯ ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆಯು ಎದುರಾಗಿರಲಿಲ್ಲ, ಅಷ್ಟೆ.

ವೈಫೈ ಪೆಟ್ಟಿಗೆಯಿರುವುದು ಹೊಸ ಮನೆಯಲ್ಲಿ. ಹಳೆಯ ಮನೆಯು ಅಲ್ಲಿಂದ 60 ಮೀಟರು ದೂರ. ನಡುವೆ ಅಡಕೆಯ ಮರಗಳು. ನೆನೆದ ಸೋಗೆಯೂ ತರಂಗವನ್ನು ಹೀರುತ್ತದೆ. ತಾಯಿಯವರಿಗೆ ಈಗ 82 ವರ್ಷ. ದೇವರ ಕೋಣೆಯನ್ನೂ ಬಚ್ಚಲೊಲೆಯನ್ನೂ ಬಿಟ್ಟು ಬರಲೊಲ್ಲರು. ನಮ್ಮ ಕಣಿವೆಗೆ ಮೊಬೈಲಿನ ಸಂಕೇತವು ಇಳಿಯದಾದಕಾರಣ, ಮಸ್ಕತ್ತಿನಲ್ಲಿರುವ ನನ್ನ ತಂಗಿಯ ಮುಖವನ್ನು ನೋಡಬೇಕಾದರೆ ಅವರು ರಾತ್ರಿ ದೀಪ ಹಿಡಿದು, ಪಾಚಿಗಟ್ಟಿದ ಮೆಟ್ಟಿಲುಗಳನ್ನಿಳಿದು ಬರಬೇಕಾಗಿದ್ದಿತು. ಕಳೆದ ಆಷಾಢದಲ್ಲಿ ಒಮ್ಮೆ ಜಾರಿದರು. ಎಲುಬು ಮುರಿಯದಿದ್ದುದು ಪುಣ್ಯ.

ಪೇಟೆಯ ಅಂಗಡಿಯವನು ‘ರಿಪೀಟರ್’ ಕೊಳ್ಳಿರೆಂದನು. ಅದು ಕೇಳಿದ್ದನ್ನೇ ಮರಳಿ ನುಡಿಯುವ ಯಂತ್ರ. ಒಂದೇ ಬಾಯಿಯಿಂದ ಕೇಳುವುದೂ ನುಡಿಯುವುದೂ ಆಗಬೇಕಾದುದರಿಂದ ವೇಗವು ಸುಮಾರು ಅರ್ಧಕ್ಕಿಳಿಯುವುದು. ಮೊದಲೇ ಸರಿಯಾಗಿ ಕೇಳಿಸದೆಡೆ ಅದು ನುಡಿಯುವುದಾದರೂ ಏನನ್ನು? ತಾಮ್ರದ ತಂತಿಯು 100 ಮೀಟರಿನವರೆಗೂ ಸಾಗೀತು. ಆದರೆ ಚೈತ್ರ ವೈಶಾಖಗಳ ಸಿಡಿಲನ್ನು ಬಲ್ಲವರು ಎರಡು ಮನೆಗಳನ್ನು ತಾಮ್ರದಿಂದ ಬಿಗಿಯಲು ಹಿಂಜರಿಯುವರು. ಆದುದರಿಂದ ಲೋಹದ ಎಳೆಯಿಲ್ಲದ ಗಾಜಿನ ತಂತಿಯನ್ನೇ ಆರಿಸಿದೆನು. ಗಾಜು ಬೆಳಕನ್ನು ಒಯ್ಯುವುದೇ ಹೊರತು ವಿದ್ಯುತ್ತನ್ನಲ್ಲ. ತೋಟದ ಅಂಚಿನಲ್ಲಿ ಚರಂಡಿ ತೋಡಿ, ಕೊಳವೆಯೊಳಗೆ ಅದನ್ನು ಹಾಯಿಸಿ ಮಣ್ಣು ಮುಚ್ಚಿದ್ದಾಯಿತು. ಎರಡು ದಿನದ ಕೆಲಸ.

ಹಳೆಯ ಮನೆಯಲ್ಲಿಟ್ಟ ಎರಡನೆಯ ಪೆಟ್ಟಿಗೆಗೆ ಮೊದಲಿನದರ ಹೆಸರನ್ನೂ ಗುಪ್ತಪದವನ್ನೂ ಕೊಟ್ಟೆನು. ಫೋನು ಎಲ್ಲಿಗೆ ಹೋದರೂ ತಾನಾಗಿಯೇ ಸೇರಿಕೊಳ್ಳಬೇಕಷ್ಟೆ. ಆದರೆ ವಿಳಾಸ ಹಂಚುವ ಅಧಿಕಾರವನ್ನು ಮಾತ್ರ ಅದರಿಂದ ಕಿತ್ತುಕೊಂಡೆನು. ಒಂದು ಮನೆತನಕ್ಕೆ ಇಬ್ಬರು ಯಜಮಾನರಾದರೆ ಏನಾಗುವುದೆಂಬುದನ್ನು ಅಡಕೆ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ.

“ತಂತಿಯೇ ಬೇಡದ ವಿದ್ಯೆಗೆ ಇಷ್ಟುದ್ದ ಚರಂಡಿ ಯಾಕೋ ತೋಡಿಸಿದೆ, ಮಾಣಿ?” ಎಂದು ತಾಯಿಯವರು ಕೇಳಿದರು. ಉತ್ತರವನ್ನು ಯೋಚಿಸುವಷ್ಟರಲ್ಲಿ ತಂಗಿಯ ಕರೆ ಬಂದಿತು. ಜಗಲಿಯಲ್ಲಿ ಕುಳಿತೇ ಅಪ್ಪೆಮಿಡಿಗೆ ಉಪ್ಪಿನ ಅಳತೆ ಹೇಳತೊಡಗಿದವರು ಹತ್ತು ಗಂಟೆಯಾದರೂ ಮುಗಿಸಲಿಲ್ಲ.