ಚಿತ್ರಕಥೆಯ ಜಾತ್ರೆಯಲ್ಲಿ ಮೂಲೆಯ ಮೇಜುಗಳು

ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಟ್ರಿನಿಟಿ ನಿಲ್ದಾಣದಲ್ಲಿ ವೈಟ್‌ಫೀಲ್ಡ್ ಕಡೆಯ ಮೆಟ್ರೊ ಹತ್ತಿದವರು ಒಂದು ಕ್ಷಣ ಗಲಿಬಿಲಿಗೊಳ್ಳುತ್ತಾರೆ. ಬೋಗಿಯಲ್ಲಿ ನೀಲಿ ಕೂದಲಿನ ಹುಡುಗಿಯರು, ರಟ್ಟಿನ ಗುರಾಣಿ ಹಿಡಿದ ಹುಡುಗರು. ಮೈತುಂಬ ಕವಚ ತೊಟ್ಟವನೊಬ್ಬನಿಗೆ ಸೀಟು ಖಾಲಿಯಿದ್ದರೂ ಕೂರಲಾಗದು. ಕಂಬ ಹಿಡಿದು ನಿಂತಿದ್ದಾನೆ. ಹಲಸೂರಿನಲ್ಲಿ ಹತ್ತಿದ ಅಜ್ಜಿಯೊಬ್ಬರು ‘ಸ್ಕೂಲ್ ಡೇನಾ ಮಗಾ?’ ಎಂದರೆ, ‘ಅಲ್ಲಜ್ಜಿ, ಕಾಮಿಕ್ ಕಾನ್’ ಎಂಬ ಉತ್ತರ ಮುಖವಾಡದ ಒಳಗಿನಿಂದ ಬರುತ್ತದೆ. ಅಜ್ಜಿಗೆ ಅರ್ಥವಾಗುವುದಿಲ್ಲ. ಆದರೆ ವೇಷವೆಂದ ಮೇಲೆ ಎಲ್ಲೋ ಜಾತ್ರೆ ಇರಲೇಬೇಕಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ಅಜ್ಜಿಯ ಊಹೆ ಸರಿಯಾಗಿಯೇ ಇದೆ.

ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಯವರೆಗೆ ನಮ್ಮ ಮೆಟ್ರೊದ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ರಂದು. ವರ್ಷ ತುಂಬುವ ಮೊದಲೇ, 2012ರ ಸೆಪ್ಟೆಂಬರಿನಲ್ಲಿ, ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ ಬೆಂಗಳೂರಿನ ಮೊದಲ ಕಾಮಿಕ್ ಕಾನ್ ನಡೆಯಿತು. ಆಮೇಲೆ ಜಾತ್ರೆ ದೊಡ್ಡದಾಗಿ, ಪೂರ್ವಕ್ಕೆ ಸರಿದು, ವೈಟ್‌ಫೀಲ್ಡ್‌ನ ಕೆಟಿಪಿಒ ಪ್ರದರ್ಶನಾಂಗಣ ಸೇರಿತು. ಶಿವಾಜಿನಗರ, ಹಲಸೂರಿನ ಮಕ್ಕಳಿಗೆ ಅದು ಬಹುಕಾಲ ಬಸ್ಸು ಬದಲಿಸುವ ದೂರದ ಊರೇ ಆಗಿತ್ತು. ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ ಬಿಟ್ಟುಹೋಗಿದ್ದ ಮೆಟ್ರೊ ಕೊಂಡಿ ಕೂಡಿದ್ದು 2023ರ ಅಕ್ಟೋಬರಿನಲ್ಲಿ. ಈಗ ಬೆನ್ನಿಗಾನಹಳ್ಳಿಯ ಕೆರೆ, ಕೆ.ಆರ್. ಪುರದ ತೂಗುಸೇತುವೆ, ಕೆಳಗಿನ ರೈಲು ಹಳಿಗಳ ಜಾಲ ಎಲ್ಲವನ್ನೂ ಕಿಟಕಿಯಲ್ಲಿ ನೋಡುತ್ತ ಹೋಗಬಹುದು. ಕೆ.ಆರ್. ಪುರದಲ್ಲಿ ಇನ್ನಷ್ಟು ವೇಷಗಳು ಹತ್ತುತ್ತವೆ. ಪರ ಊರುಗಳಿಂದ ರೈಲಿನಲ್ಲಿ ಬಂದು ಅಲ್ಲಿ ಇಳಿದವರೂ ಅವರಲ್ಲಿರುತ್ತಾರೆ.

ಒಳಗೆ ಕಾಲಿಟ್ಟರೆ ಕಿವಿ ತುಂಬುವ ಗದ್ದಲ. ಸಿನಿಮಾ ಕಂಪೆನಿಗಳ ಆಳೆತ್ತರದ ಬೊಂಬೆಗಳು, ವಿಡಿಯೊ ಆಟದ ಮಳಿಗೆಗಳು, ಟೀ ಷರ್ಟು, ಕೀಲಿಗೊಂಚಲು, ಜಪಾನಿನ ಅನಿಮೆಯ ಪ್ರತಿಮೆಗಳು. ವೇದಿಕೆಯಲ್ಲಿ ವೇಷಸ್ಪರ್ಧೆ. ಹಾಗೆ ವೇಷ ಕಟ್ಟುವುದಕ್ಕೆ ಇಲ್ಲಿ ಕಾಸ್‌ಪ್ಲೇ ಎಂದು ಹೆಸರು. ಯಕ್ಷಗಾನದ ಚೌಕಿ ಕಂಡವರಿಗೆ ಅದರಲ್ಲಿ ಹೊಸದೇನೂ ತೋರಲಾರದು. ಟಿಕೆಟ್ಟಿಗೆ ಹಣ ಕೊಟ್ಟು ಬಂದ ತಂದೆ-ತಾಯಿಯರು ಮೊದಲ ಅರ್ಧ ಗಂಟೆಯಲ್ಲೇ ಕೇಳುವ ಪ್ರಶ್ನೆ ಒಂದೇ: ‘ಇದರಲ್ಲಿ ಕಾಮಿಕ್ಸ್ ಎಲ್ಲಿದೆ?’

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಸಭಾಂಗಣದ ಅಂಚಿನಲ್ಲಿದೆ. ಜಾತ್ರೆಯಲ್ಲಿ ತಿರುಗುವ ತೊಟ್ಟಿಲು ನಡುಮಧ್ಯದಲ್ಲಿದ್ದರೆ, ಮಡಕೆ ಮಾಡಿ ತಂದವರು ಬೇಲಿಯ ಪಕ್ಕ ಕೂತಿರುತ್ತಾರಲ್ಲ, ಹಾಗೆ. ಅಲ್ಲಿ ಸಾಲಾಗಿ ಸಣ್ಣ ಸಣ್ಣ ಮೇಜುಗಳು. ಒಂದೊಂದರ ಹಿಂದೆ ಒಬ್ಬರೋ ಇಬ್ಬರೋ ಚಿತ್ರಕಾರರು. ಮೇಜಿನ ಬಾಡಿಗೆ ಅವರದೇ, ಪುಸ್ತಕ ಬರೆದವರು, ಬಿಡಿಸಿದವರು, ಅಚ್ಚು ಹಾಕಿಸಿದವರು, ಚೀಲದಲ್ಲಿ ಹೊತ್ತು ತಂದವರು, ಚಿಲ್ಲರೆ ಎಣಿಸುವವರು ಎಲ್ಲ ಅವರೇ. ಯಾವ ಪ್ರಕಾಶಕರ ಮುದ್ರೆಯೂ ಇಲ್ಲದ ಹದಿನಾರು, ಇಪ್ಪತ್ತನಾಲ್ಕು, ಮೂವತ್ತೆರಡು ಪುಟಗಳ ಪುಸ್ತಕಗಳು ಅವು.

ಪುಟಗಳ ಸಂಖ್ಯೆ ಯಾವಾಗಲೂ ನಾಲ್ಕರ ಮಗ್ಗಿಯಲ್ಲೇ ಏಕಿರುತ್ತದೆಂದು ಮಕ್ಕಳು ಕೇಳಿದರೆ ಚಿತ್ರಕಾರರಿಗೆ ಖುಷಿಯೋ ಖುಷಿ. ಒಂದು ಎ4 ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಪುಟ. ಅಂಥ ನಾಲ್ಕು ಹಾಳೆಗಳನ್ನು ಒಂದರೊಳಗೊಂದಿಟ್ಟು ಬೆನ್ನಿಗೆ ಎರಡು ಪಿನ್ ಹೊಡೆದರೆ ಹದಿನಾರು ಪುಟದ ಪುಸ್ತಕ ಸಿದ್ಧ. ಆದರೆ ಅಚ್ಚಿಗೆ ಕೊಡುವಾಗ ಪುಟಗಳು ಕ್ರಮವಾಗಿ ಇರುವುದಿಲ್ಲ. ಹೊರಗಿನ ಹಾಳೆಯ ಒಂದು ಮಗ್ಗುಲಲ್ಲಿ 16 ಮತ್ತು 1, ಅದರ ಬೆನ್ನಿಗೆ 2 ಮತ್ತು 15, ಮುಂದಿನ ಹಾಳೆಯಲ್ಲಿ 14 ಮತ್ತು 3... ಒಂದೇ ಮಗ್ಗುಲಿನ ಎರಡು ಪುಟಗಳನ್ನು ಕೂಡಿದರೆ ಯಾವಾಗಲೂ 17! ಲೆಕ್ಕದ ಮೇಷ್ಟರು ಈ ಪಾಠವನ್ನು ತರಗತಿಯಲ್ಲಿ ಮಾಡಿದರೆ ಹಿಂದಿನ ಬೆಂಚಿನವರೂ ಕಿವಿಗೊಟ್ಟಾರು. ಈ ಲೆಕ್ಕ ತಪ್ಪಿದ್ದು ಅಚ್ಚಾದ ಮೇಲೆ ಗೊತ್ತಾದರೆ ನೂರು ಪ್ರತಿಯೂ ರದ್ದಿಗೆ. ಅದಕ್ಕೇ ಅನುಭವಸ್ಥರು ಮೊದಲು ಖಾಲಿ ಹಾಳೆ ಮಡಚಿ, ಪುಟಸಂಖ್ಯೆ ಬರೆದ ಒಂದು ಮಾದರಿ ಪುಸ್ತಕ ಮಾಡಿಕೊಳ್ಳುತ್ತಾರೆ. ಪಿನ್ನೂ ಬೇಡವೆನ್ನುವವರಿಗೆ ಇನ್ನೊಂದು ಉಪಾಯವಿದೆ. ಒಂದೇ ಹಾಳೆಯನ್ನು ಎಂಟು ಮನೆಯಾಗಿ ಮಡಚಿ, ನಡುವೆ ಒಂದೇ ಒಂದು ಸೀಳು ಕತ್ತರಿಸಿ, ಒಳಕ್ಕೆ ತಳ್ಳಿದರೆ ಎಂಟು ಪುಟದ ಕಿರುಪುಸ್ತಕ. ಹತ್ತು ಪ್ರತಿಗೆ ಹತ್ತು ಜೆರಾಕ್ಸ್ ಸಾಕು.

ಇನ್ನು ಖರ್ಚಿನ ಮಾತು. ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟು ಮಾಡುವ ಖರ್ಚು ಮೊದಲೇ ಬೀಳುತ್ತದೆ. ಸಾವಿರ ಪ್ರತಿ ಹಾಕಿಸಿದರಷ್ಟೇ ಪ್ರತಿಯೊಂದರ ಬೆಲೆ ಇಳಿಯುತ್ತದೆ. ಡಿಜಿಟಲ್ ಮುದ್ರಣದಲ್ಲಿ ಪ್ಲೇಟಿಲ್ಲ. ಐವತ್ತು ಪ್ರತಿಯನ್ನೂ ಹಾಕಿಸಬಹುದು, ಆದರೆ ಒಂದೊಂದು ಪ್ರತಿ ದುಬಾರಿ. ಮೇಜಿನ ಮೇಲಿನ ತೆಳು ಪುಸ್ತಕ ಅಂಗಡಿಯ ದಪ್ಪ ಪುಸ್ತಕದಷ್ಟೇ ಬೆಲೆ ಕೇಳುವುದು ಇದೇ ಕಾರಣಕ್ಕೆ. ಬಣ್ಣ ಬಿಟ್ಟು ಕಪ್ಪು-ಬಿಳುಪಿಗೆ ಮೊರೆಹೋಗುವುದೂ ಬಹಳ ಸಲ ಕಲೆಯ ಆಯ್ಕೆಗಿಂತ ಜೇಬಿನ ಆಯ್ಕೆ.

ಒಂದು ವಿಷಾದದ ಸಂಗತಿಯನ್ನೂ ಹೇಳಬೇಕು. ಈ ಮೇಜುಗಳಲ್ಲಿ ಹೆಚ್ಚು ಬಿಕರಿಯಾಗುವುದು ಪುಸ್ತಕವಲ್ಲ, ಸ್ಟಿಕ್ಕರು ಮತ್ತು ಪರಿಚಿತ ನಾಯಕರ ಚಿತ್ರಪಟಗಳು. ಜನ ತಮಗೆ ಗೊತ್ತಿರುವ ಮುಖವನ್ನೇ ಕೊಳ್ಳುತ್ತಾರೆ. ಗೊತ್ತಿಲ್ಲದವರು ಗೊತ್ತಿಲ್ಲದ ಪಾತ್ರದ ಬಗ್ಗೆ ಬರೆದ ಕಥೆಗೆ ಹಣ ಕೊಡಲು ಎಂಟೆದೆ ಬೇಕು. ಹಾಗಾಗಿ ಚಿತ್ರಕಾರರು ಬಾಡಿಗೆ ಗಿಟ್ಟಿಸಲು ಸ್ಪೈಡರ್‌ಮ್ಯಾನ್ ಬಿಡಿಸಿ, ಅದರ ಪಕ್ಕದಲ್ಲಿ ತಮ್ಮ ಸ್ವಂತ ಕೂಸನ್ನು ಇಟ್ಟಿರುತ್ತಾರೆ. ಮುಂಬಯಿಯ ಅಭಿಜಿತ್ ಕಿಣಿ ಅವರ ‘ಆಂಗ್ರಿ ಮಾವುಶಿ’ ಇಂಥ ಸಮ್ಮೇಳನಗಳ ಮೇಜಿನಿಂದಲೇ ಹೆಸರು ಮಾಡಿದ ಪಾತ್ರ. ಸೀರೆಯುಟ್ಟ ಸಿಟ್ಟಿನ ಚಿಕ್ಕಮ್ಮ ಅವಳು. ಬೆಂಗಳೂರಿನವರೇ ಆದ ಶೈಲೇಶ್ ಗೋಪಾಲನ್ ‘ಬ್ರೌನ್ ಪೇಪರ್‌ಬ್ಯಾಗ್’ನಲ್ಲಿ ಮಧ್ಯಮ ವರ್ಗದ ಮನೆಯ ಅಪ್ಪ-ಅಮ್ಮ-ಮಕ್ಕಳ ದಿನನಿತ್ಯದ ಜಟಾಪಟಿಯನ್ನು ಚಿತ್ರಿಸಿದರು. ಮಹಮ್ಮದ್ ಅಲಿ ವಕೀಲ್, ಮಹಮ್ಮದ್ ಆರಿಫ್ ವಕೀಲ್ ಸಹೋದರರು ಸೂಫಿ ಕಥೆಗಳನ್ನು ಚಿತ್ರಕ್ಕಿಳಿಸಿ ತಾವೇ ಪುಸ್ತಕ ಮಾಡಿದರು. ಇದೇ ನಗರದ ಮಾಂಟಾ ರೇ ತಂಡ 2010ರಲ್ಲಿ ತಂದ ‘ಹಷ್’ನಲ್ಲಂತೂ ಒಂದೂ ಮಾತಿಲ್ಲ, ಬರೀ ಚಿತ್ರ. ಕಥಾವಸ್ತು ಭಾರವಾದದ್ದು, ದೊಡ್ಡವರ ಓದಿಗೆ ತಕ್ಕದ್ದು. ಕಾಮಿಕ್ಸ್ ಎಂದೊಡನೆ ಮಕ್ಕಳ ಕೈಗೆ ಕೊಟ್ಟುಬಿಡುವ ಹೆತ್ತವರು ಇಲ್ಲಿ ಸ್ವಲ್ಪ ತಡೆಯಬೇಕು. ಯಾವ ವಯಸ್ಸಿನವರಿಗೆ ಎಂದು ಕೇಳಿದರೆ ಬರೆದವರೇ ಎದುರಿಗಿರುತ್ತಾರೆ, ನೇರವಾಗಿ ಹೇಳುತ್ತಾರೆ. ಈ ಅನುಕೂಲ ಯಾವ ಅಂಗಡಿಯಲ್ಲಿದೆ?

ತಾನೇ ಅಚ್ಚು ಹಾಕಿ ತಾನೇ ಮಾರುವುದು ಪಶ್ಚಿಮದಿಂದ ಬಂದ ಹೊಸ ಚಾಳಿ ಎಂದುಕೊಂಡವರು ಗಳಗನಾಥರನ್ನು ನೆನೆಯಬೇಕು. ಕಾದಂಬರಿ ಬರೆದು, ಪುಸ್ತಕದ ಗಂಟು ಹೊತ್ತು, ಊರೂರು ತಿರುಗಿ ಮಾರಿದವರು ಅವರು. ಕಾರಂತರು ಪುತ್ತೂರಿನಲ್ಲಿ ಹರ್ಷ ಮುದ್ರಣಾಲಯ ನಡೆಸಿ ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿದವರು. ಮೇಜಿನ ಹಿಂದಿನ ಹುಡುಗಿ ಅವರ ಹೆಸರು ಕೇಳಿರದಿರಬಹುದು, ಕಸುಬು ಮಾತ್ರ ಅದೇ.

ಹೊರದೇಶದ ಕಥೆಯೂ ಬೇಕಿದ್ದರೆ ನಿಂಜಾ ಆಮೆಗಳದ್ದಿದೆ. ಟಿ.ವಿ.ಯಲ್ಲಿ, ಸಿನಿಮಾದಲ್ಲಿ, ಪೆನ್ಸಿಲ್ ಡಬ್ಬಿಯ ಮೇಲೆ ಎಲ್ಲೆಲ್ಲೂ ಕಾಣುವ ಆ ನಾಲ್ಕು ಆಮೆಗಳು ಮೊದಲು ಹುಟ್ಟಿದ್ದು ಕಪ್ಪು-ಬಿಳುಪಿನ ಒಂದು ಸ್ವಂತ ಪ್ರಕಟಣೆಯಲ್ಲಿ. ಕೆವಿನ್ ಈಸ್ಟ್‌ಮನ್, ಪೀಟರ್ ಲೇರ್ಡ್ ಎಂಬಿಬ್ಬರು ತೆರಿಗೆಯಿಂದ ವಾಪಸು ಬಂದ ಹಣಕ್ಕೆ ಚಿಕ್ಕಪ್ಪನ ಬಳಿ ಮಾಡಿದ ಸಾಲ ಸೇರಿಸಿ ಸುಮಾರು 3,000 ಪ್ರತಿ ಹಾಕಿಸಿ, 1984ರ ಮೇ ತಿಂಗಳಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಒಂದು ಸಣ್ಣ ಕಾಮಿಕ್ಸ್ ಸಮ್ಮೇಳನದಲ್ಲಿ ಮಾರಾಟಕ್ಕಿಟ್ಟರು. ಜಪಾನಿನಲ್ಲಿ ಸ್ವಂತ ಪ್ರಕಟಣೆಗೆಂದೇ ಮೀಸಲಾದ ಕೊಮಿಕೆಟ್ 1975ರ ಡಿಸೆಂಬರಿನಲ್ಲಿ ಶುರುವಾದಾಗ ಇದ್ದದ್ದು 32 ಗುಂಪುಗಳು, ಬಂದವರು 700ರಷ್ಟು ಜನ. ಈಗ ಅಲ್ಲಿ ಸೇರುವವರನ್ನು ಲಕ್ಷದ ಲೆಕ್ಕದಲ್ಲಿ ಎಣಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಬೆಂಗಳೂರಿನ ಈ ಮೇಜುಗಳ ಸಾಲಿನಲ್ಲಿ ನಡೆಯುವಾಗ ಒಂದು ಕೊರತೆ ಎದ್ದು ಕಾಣುತ್ತದೆ. ಹೆಚ್ಚುಕಡಿಮೆ ಎಲ್ಲ ಪುಸ್ತಕಗಳೂ ಇಂಗ್ಲಿಷಿನಲ್ಲಿವೆ. ಮಾತಿನ ಗುಳ್ಳೆಯೊಳಗೆ ಕನ್ನಡದ ಅಕ್ಷರ ಹುಡುಕಿದರೆ ಸಿಗುವುದು ಅಪರೂಪ. ಹಿಂದೆ ‘ಬಾಲಮಂಗಳ’ದ ಡಿಂಗನಿಗಾಗಿ ಕರಾವಳಿಯ ಮಕ್ಕಳು ಕಾದು ಕೂರುತ್ತಿದ್ದುದನ್ನು ನೆನೆದರೆ, ಓದುವವರಿರಲಿಲ್ಲ ಎನ್ನುವ ಹಾಗಿಲ್ಲ. ಇದು ಇನ್ನಷ್ಟು ಚುಚ್ಚುವುದಕ್ಕೆ ಬೇರೆ ಕಾರಣವಿದೆ.

‘ಅಮರ ಚಿತ್ರ ಕಥೆ’ಯ ಹಳೆಯ ‘ಕೃಷ್ಣ’ ಸಂಚಿಕೆ ಯಾರ ಮನೆಯ ಅಟ್ಟದಲ್ಲಾದರೂ ಸಿಕ್ಕರೆ ಸಂಖ್ಯೆ ನೋಡಬೇಕು. ಅನಂತ ಪೈ ಅವರು ರೂಪಿಸಿದ, ರಾಮ್ ವಾಯೀರ್‌ಕರ್ ಚಿತ್ರ ಬಿಡಿಸಿದ ಆ ಪುಸ್ತಕದ ಸಂಖ್ಯೆ 1 ಅಲ್ಲ, 11. ಹಾಗಾದರೆ ಮೊದಲ ಹತ್ತು? ಅವು ಬೆಂಗಳೂರಿನ ಕೂಸುಗಳು. ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರುತ್ತಿದ್ದ ಇಲ್ಲಿನ ಜಿ.ಕೆ. ಅನಂತರಾಂ ಅವರ ಸಲಹೆಯಂತೆ 1965ರಲ್ಲಿ ಪಾಶ್ಚಾತ್ಯ ಮಕ್ಕಳ ಕಥೆಗಳನ್ನು ಕನ್ನಡದಲ್ಲಿ ಚಿತ್ರಕಥೆಯಾಗಿ ತಂದರು. ಅಮರ ಚಿತ್ರ ಕಥೆ ಮೊದಲು ಮಾತಾಡಿದ್ದು ಕನ್ನಡ! ಅದು ಇಲ್ಲಿ ಗೆದ್ದಿತೆಂದೇ ಮುಂಬಯಿಯ ಕಚೇರಿಗೆ ಇಂಗ್ಲಿಷಿನಲ್ಲಿ ಮಾಡುವ ಧೈರ್ಯ ಬಂತು. 1967ರಿಂದ ಕೈಗೂಡಿಸಿದವರು ಅನಂತ ಪೈ.

ಕಾರ್ಕಳದಲ್ಲಿ ಹುಟ್ಟಿದ ಪೈ ಅವರ ಬದುಕನ್ನು ಮಕ್ಕಳ ಭವಿಷ್ಯದ ಚಿಂತೆಯಲ್ಲಿರುವ ಹೆತ್ತವರು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಎಳವೆಯಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡ ಅವರು ಓದಿದ್ದು ರಾಸಾಯನಿಕ ತಂತ್ರಜ್ಞಾನ. ಆ ಪದವಿ ಬದಿಗಿಟ್ಟು 1954ರಲ್ಲಿ ‘ಮಾನವ್’ ಎಂಬ ಮಕ್ಕಳ ಪತ್ರಿಕೆ ತಂದು ಕೈಸುಟ್ಟುಕೊಂಡರು. ಆಮೇಲಷ್ಟೇ ಪುಸ್ತಕದ ಕಂಪೆನಿಯ ನೌಕರಿ, ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರ ಕಥೆ, ಟಿಂಕಲ್, ಮಕ್ಕಳ ಬಾಯಲ್ಲಿ ‘ಅಂಕಲ್ ಪೈ’ ಎಂಬ ಹೆಸರು. 2011ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ನಡೆದ ಭಾರತದ ಮೊದಲ ಕಾಮಿಕ್ ಕಾನ್ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ನೀಡಿತು. ಅದಾಗಿ ಒಂದು ವಾರ ತುಂಬುವ ಮೊದಲೇ, 24ರಂದು, ಅವರು ತೀರಿಕೊಂಡರು.

‘ಇದರಿಂದ ಹೊಟ್ಟೆ ತುಂಬುತ್ತದೆಯೇ?’ ಎಂಬ ಪ್ರಶ್ನೆಯನ್ನು ಮೇಜಿನ ಮುಂದೆ ನಿಂತು ಕೇಳುವ ಅಪ್ಪಂದಿರು ಇದ್ದೇ ಇರುತ್ತಾರೆ. ಪಕ್ಕದಲ್ಲಿ ಮಗಳು ನಾಚಿಕೆಯಿಂದ ತೋಳು ಜಗ್ಗುತ್ತಿದ್ದರೂ ಕೇಳುತ್ತಾರೆ. ಪ್ರಾಮಾಣಿಕವಾದ ಉತ್ತರ, ಸ್ವಂತ ಕಾಮಿಕ್ಸ್ ಒಂದರಿಂದಲೇ ಸಂಸಾರ ತೂಗಿಸುವವರು ಬೆರಳೆಣಿಕೆಯಷ್ಟು. ಉಳಿದವರು ವಾರವಿಡೀ ಜಾಹೀರಾತು ಕಂಪೆನಿಯಲ್ಲೋ ಅನಿಮೇಶನ್ ಸ್ಟುಡಿಯೊದಲ್ಲೋ ಆಟದ ತಂತ್ರಾಂಶದ ಕಚೇರಿಯಲ್ಲೋ ದುಡಿದು, ರಾತ್ರಿ ತಮ್ಮ ಪುಟ ಬಿಡಿಸುತ್ತಾರೆ. ಆದರೆ ಆ ಕೆಲಸ ಸಿಗಲು ಇಂಥದ್ದೊಂದು ಪುಸ್ತಕ ನೆರವಾಗುವುದುಂಟು. ಹಿಡಿದ ಕೆಲಸವನ್ನು ಕೊನೆಯ ಪುಟದವರೆಗೆ ಒಯ್ದವರು ಎಂಬುದಕ್ಕೆ ಅದು ಅಂಕಪಟ್ಟಿಗಿಂತ ಹತ್ತಿರದ ಸಾಕ್ಷಿ. ಚಿತ್ರ ಸುಮಾರಾಗಿದ್ದರೂ ಕಥೆ ಮುಗಿದಿದ್ದರೆ ಅದು ಪುಸ್ತಕ. ಚಿತ್ರ ಅದ್ಭುತವಾಗಿದ್ದು ನಾಲ್ಕೇ ಪುಟಕ್ಕೆ ನಿಂತರೆ ಅದು ಪೆಟ್ಟಿಗೆಯಲ್ಲಿ ಉಳಿಯುವ ಕಾಗದ.

ಕಾಮಿಕ್ ಕಾನ್‌ನ ಟಿಕೆಟ್ಟು ದುಬಾರಿಯೆನಿಸುವವರಿಗೆ ಬೇರೆ ದಾರಿಯೂ ಇದೆ. ಭರತ್ ಮೂರ್ತಿ ಅವರು ಹುಟ್ಟುಹಾಕಿದ ಇಂಡಿ ಕಾಮಿಕ್ಸ್ ಫೆಸ್ಟ್ ಊರಿಂದೂರಿಗೆ ಸಂಚರಿಸುವ ಸಣ್ಣ ಸಂತೆ. ಬೆಂಗಳೂರಿಗೂ ಬಂದುಹೋಗಿದೆ. ಅಲ್ಲಿ ಬೊಂಬೆಗಳಿಲ್ಲ, ಆಟಗಳಿಲ್ಲ, ಸ್ವಂತ ಪ್ರಕಟಣೆಯ ಪುಸ್ತಕಗಳದ್ದೇ ಕಾರುಬಾರು. ವಾಪಸಾಗುವಾಗ ಟ್ರಿನಿಟಿಯಲ್ಲೇ ಇಳಿದರೆ ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಹತ್ತಿರ. ಗೋಡೆಯ ಮೇಲಿನ ಚಿತ್ರದ ಮುಂದೆ ನಿಂತರೆ, ಒಂದು ಮೂಗು ಬಿಡಿಸಲು ಎಷ್ಟು ಕಡಿಮೆ ಗೆರೆ ಸಾಕು ಎಂಬುದು ಯಾರೂ ಹೇಳಿಕೊಡದೆ ತಿಳಿಯುತ್ತದೆ.

ಜಾತ್ರೆಗೆ ಹೋಗುವುದಾದರೆ ಭಾನುವಾರ ಸಂಜೆಯ ಕೊನೆಯ ಗಂಟೆ ಲೇಸು. ಆ ಹೊತ್ತಿಗೆ ಗದ್ದಲ ಇಳಿದಿರುತ್ತದೆ, ಗಂಟಲು ಕಟ್ಟಿದ ಚಿತ್ರಕಾರರು ಕುರ್ಚಿಗೊರಗಿ ಮಾತಿಗೆ ಸಿಗುತ್ತಾರೆ. ಮಾರಾಟವಾಗದ ಪ್ರತಿಗಳನ್ನು ಎಣಿಸಿ ಚೀಲಕ್ಕೆ ತುಂಬುವ ಮುನ್ನ ಅವರು ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಗುತ್ತಾರೆ. ತನ್ನದೊಂದು ಪುಸ್ತಕ ಕೊಟ್ಟು ಅವರದೊಂದು ತೆಗೆದುಕೊಳ್ಳುತ್ತಾರೆ. ಅಲ್ಲಿ ಹಣದ ಮಾತಿಲ್ಲ. ಎಂಟು ಪುಟದ ಜೆರಾಕ್ಸ್ ಪುಸ್ತಕ ಹಿಡಿದ ಶಾಲೆಯ ಹುಡುಗನೊಬ್ಬ ಹೆದರುತ್ತಲೇ ಕೈ ಮುಂದೆ ಚಾಚಿದರೆ, ಅವನಿಗೂ ಬದಲಿಗೆ ಒಂದು ಸಿಗುವುದುಂಟು.