ಕಟ್ಟೆಯ ಮೇಲೆ ಬಾಳಪ್ಪನವರ ಪುಸ್ತಕ

ಅಭಿಮಾನಿಗಳು ಪುಸ್ತಕ ಓದುವ ರೀತಿಯೇ ಬೇರೆ. ಉಳಿದವರು ಗೊತ್ತಿಲ್ಲದ್ದನ್ನು ತಿಳಿಯಲು ಓದುತ್ತಾರೆ. ಅಭಿಮಾನಿ ಗೊತ್ತಿರುವುದನ್ನೇ ಇನ್ನೊಮ್ಮೆ ಕೇಳಲು ಓದುತ್ತಾನೆ. ಪುಸ್ತಕ ಕೈಗೆ ಬಂದ ಕೂಡಲೇ ತಾನು ಕಣ್ಣಾರೆ ಕಂಡ ದಿನ ಅದರಲ್ಲಿದೆಯೋ ಇಲ್ಲವೋ ಎಂದು ಹುಡುಕುತ್ತಾನೆ. ಇದ್ದರೆ ‘ಇಷ್ಟೇನಾ ಬರೆದದ್ದು?’ ಎನ್ನುತ್ತಾನೆ. ಇಲ್ಲದಿದ್ದರೆ ಬರೆದವನ ಮೇಲೆ ಮುನಿಸು.

ಕೋಲ್ಕತ್ತದ ಫುಟ್‌ಬಾಲ್ ಮಂದಿಯಲ್ಲಿ ಈ ಮುನಿಸಿಗೆ ನೂರು ವರ್ಷ ದಾಟಿದೆ. 1911ರ ಜುಲೈ 29ರಂದು ಮೋಹನ್ ಬಾಗಾನ್ ತಂಡ ಬ್ರಿಟಿಷರ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಿತು. ಹನ್ನೊಂದು ಆಟಗಾರರಲ್ಲಿ ಹತ್ತು ಮಂದಿ ಬರಿಗಾಲಲ್ಲಿ ಆಡಿದ್ದರು. ಅದನ್ನು ಕಂಡ ಕಣ್ಣುಗಳು ಇಂದು ಒಂದೂ ಉಳಿದಿಲ್ಲ, ಆದರೂ ಆ ದಿನ ಬಂತೆಂದರೆ ಮೊಮ್ಮಕ್ಕಳ ಮಕ್ಕಳು ಕಂಡವರ ಹಾಗೇ ಮಾತಾಡುತ್ತಾರೆ.

ನನ್ನ ತಮ್ಮನ ಮಗ ಇದೇ ಜಾತಿಯವನು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಬೆಂಗಳೂರು ಎಫ್‌ಸಿಗೆ ಮನಸೋತು, ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕಿನಲ್ಲಿ ನೀಲಿ ಅಂಗಿ ತೊಟ್ಟು ನಿಂತು ಗಂಟಲು ಕಳೆದುಕೊಂಡವನು. ಕ್ಲಬ್ಬು ಹುಟ್ಟಿದ್ದು 2013ರಲ್ಲಿ. ಮೊದಲ ಹಂಗಾಮಿನಲ್ಲೇ ಐ-ಲೀಗ್ ಗೆದ್ದಿತು. 2019ರ ಐಎಸ್‌ಎಲ್ ಫೈನಲ್‌ನಲ್ಲಿ ಹೆಚ್ಚುವರಿ ಆಟ ಮುಗಿಯುತ್ತ ಬಂದಾಗ ರಾಹುಲ್ ಭೇಕೆ ತಲೆಯಿಂದ ಚೆಂಡು ಒಳಗೆ ಹಾಕಿ ಗೋವಾ ವಿರುದ್ಧ ಗೆಲ್ಲಿಸಿದ. ಇವೆಲ್ಲ ಅವನ ನಾಲಿಗೆಯ ತುದಿಯಲ್ಲೇ ಇವೆ. ಆದರೆ ಅವನು ಸವಿದು ಸವಿದು ಹೇಳುವುದು ಗೆದ್ದ ಕಪ್ಪುಗಳನ್ನಲ್ಲ. 2016ರ ಅಕ್ಟೋಬರ್ 19ರ ರಾತ್ರಿಯದು ಅವನ ಕಥೆ. ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಮಲೇಷ್ಯಾದ ಜೋಹೊರ್. ಶುರುವಿಗೇ ಒಂದು ಗೋಲು ಬಿಟ್ಟುಕೊಟ್ಟು, ಆಮೇಲೆ ಸುನಿಲ್ ಛೆಟ್ರಿ ಎರಡು, ಹುವಾನನ್ ಒಂದು ಹೊಡೆದು 3-1. ಭಾರತದ ಕ್ಲಬ್ಬೊಂದು ಆ ಫೈನಲ್ ಮುಟ್ಟಿದ್ದು ಅದೇ ಮೊದಲು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ಬಿಗೆ 0-1ರಿಂದ ಸೋತರು. ಆ ಸೋಲಿನ ಮಾತು ಬಂದಾಗ ಅವನ ದನಿ ಈಗಲೂ ಮೆತ್ತಗಾಗುತ್ತದೆ. ನನಗೆ ಅವನ ಮೇಲೆ ಪ್ರೀತಿ ಉಕ್ಕುವುದೂ ಆಗಲೇ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕುಗಳ ಹಳೆಯ ಮಂದಿ ಯಾವ ಫುಟ್‌ಬಾಲ್ ಕ್ಲಬ್ಬನ್ನೂ ಹೀಗೆ ಹಚ್ಚಿಕೊಂಡವರಲ್ಲ. ಗರಡಿಮನೆಗಳಿದ್ದವು, ಪೈಲವಾನರಿದ್ದರು. ಆದರೆ ಊರಿಗೆ ಊರೇ ‘ನಮ್ಮದು’ ಎಂದು ಎದೆಗೊತ್ತಿಕೊಂಡದ್ದು ನಾಟಕ ಕಂಪನಿಯನ್ನು. ಅದರಲ್ಲೂ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯಸಂಘವನ್ನು. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಹುಡುಗ. ಹೆಣ್ಣುಪಾತ್ರಗಳಲ್ಲಿ ಹೆಸರಾಗಿ, ಹಾಡಿನಲ್ಲಿ ಮನೆಮಾತಾಗಿ, ಮುಂದೆ ಕಂಪನಿಯ ಮಾಲೀಕನಾಗಿ, ‘ಜಗಜ್ಯೋತಿ ಬಸವೇಶ್ವರ’ದ ಬಸವಣ್ಣನಾಗಿ ಜನರ ಕಣ್ಣಲ್ಲಿ ನಿಂತವರು. 2017ರ ಆಗಸ್ಟಿನಲ್ಲಿ ತೀರಿಕೊಂಡಾಗ ಅವರಿಗೆ 103 ವರ್ಷ. ಅವರು ಹೇಳಿದ ಬದುಕನ್ನು ಗಣೇಶ ಅಮೀನಗಡ ಅವರು ಪುಸ್ತಕವಾಗಿಸಿದ್ದಾರೆ: ‘ಬಣ್ಣದ ಬದುಕಿನ ಚಿನ್ನದ ದಿನಗಳು’.

ನಮ್ಮ ಮನೆತನದ ಒಂದು ಮದುವೆ ಬೈಲಹೊಂಗಲದಲ್ಲಿ ಮುಗಿದ ಸಂಜೆ, ಈ ಪುಸ್ತಕ ಗುಡಿಯ ಕಟ್ಟೆಯ ಮೇಲೆ ಕೈಯಿಂದ ಕೈಗೆ ತಿರುಗಿತು. ನಾಲ್ಕೂ ಕಡೆಯ ಬೀಗರು ನೆರೆದಿದ್ದರು. ಓದುವ ಕೆಲಸ ತಮ್ಮನ ಮಗನಿಗೆ ಬಂತು. ಒಂದು ಪುಟವನ್ನೂ ಅವನು ತಡೆಯಿಲ್ಲದೆ ಮುಗಿಸಲಿಲ್ಲ. ಯಾರೂ ಮುಗಿಸಗೊಡಲಿಲ್ಲ.

“ಅದು ಮುನವಳ್ಳ್ಯಾಗ ಅಲ್ಲಪಾ, ಎಲ್ಲಮ್ಮನ ಗುಡ್ಡದ ಜಾತ್ರ್ಯಾಗ. ಭಾರತ ಹುಣ್ಣಿವಿ, ನನಗ ಛಲೋ ನೆನಪೈತಿ,” ಎಂದು ಸವದತ್ತಿಯ ಕಾಕಾ ತಾನು ಆಟ ನೋಡಿದ ಜಾಗ ಹೇಳಿದರೆ, ಜೊತೆಗೇ ಹೋಗಿದ್ದ ಅವರ ಅಣ್ಣ “ಬನದ ಹುಣ್ಣಿವಿ” ಎಂದು ಹಟ ಹಿಡಿದರು. ಕಿತ್ತೂರಿನ ನಿವೃತ್ತ ಮಾಸ್ತರು ಹುಣ್ಣಿಮೆಯ ಗೊಡವೆಗೇ ಹೋಗಲಿಲ್ಲ. “ಬಸವಣ್ಣನ ಪಾರ್ಟಿನ್ಯಾಗ ಅವರು ಸ್ಟೇಜಿಗೆ ಬಂದ್ರಂದ್ರ ನಮ್ಮಪ್ಪ ಕೂತಲ್ಲೇ ಕೈ ಮುಗೀತಿದ್ದ ರೀ. ಆಟ ಮುಗದ ಮ್ಯಾಲೂ ಅವರನ್ನ ಬಾಳಪ್ಪ ಅಂತ ಕರ್ಯಾಕ ಅವಗ ಬಾಯಿ ಬರತಿದ್ದಿಲ್ಲ,” ಎಂದರು. ಹೆಂಗಸರ ಸಾಲಿನಿಂದ ನಮ್ಮ ಅತ್ತೆಯ ದನಿ ಬಂತು: “ಅವರ ಹೆಣ್ಣುಪಾರ್ಟು ನಾ ಕಂಡಾಕಿ ಅಲ್ಲ, ನಮ್ಮವ್ವ ಕಂಡಾಕಿ. ಸೀರಿ ನಿರಗಿ ಹಿಂಗ ಬೀಳಬೇಕವಾ ಅಂತ ನಮಗ ಕಲಸಿದ್ದು ಆ ಪಾರ್ಟು ನೆನಸಿಕೊಂಡ.” ಎಂಬತ್ತು ವರ್ಷದ ಹಿಂದೆ ಗ್ಯಾಸಬತ್ತಿಯ ಬೆಳಕಲ್ಲಿ ಗಂಡಸೊಬ್ಬ ಉಟ್ಟ ಸೀರೆಯ ನಿರಿಗೆ ಹೀಗೆ ಎರಡು ತಲೆಮಾರಿನ ಹೆಣ್ಣುಮಕ್ಕಳ ಬೆರಳಿಗೆ ಇಳಿದು ಬಂದಿತ್ತು. ಇದು ಯಾವ ನಟನ ಆತ್ಮಕಥೆಯಲ್ಲಿ ಬಂದೀತು? ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಬೈಲಹೊಂಗಲದವರ ಎದುರು ಹಳೆಯ ಕಥೆ ತೆಗೆಯುವವನಿಗೆ ಧೈರ್ಯ ಬೇಕು. ಸಂಗ್ಯಾ ಬಾಳ್ಯಾನ ಊರು ಅದು. ತಮ್ಮೂರಲ್ಲಿ ನಡೆದ ಕೊಲೆ ಸಣ್ಣಾಟವಾಗಿ ನಾಡೆಲ್ಲ ಸುತ್ತಿ ಬಂದ ಮೇಲೂ, ನಡೆದದ್ದು ಹಾಗಲ್ಲ ಹೀಗೆ ಎಂದು ತಿದ್ದುವವರು ಅಲ್ಲಿ ಓಣಿಗೊಬ್ಬರು ಸಿಗುತ್ತಾರೆ.

ತಮ್ಮನ ಮಗ ನಡುವೆ ಪುಸ್ತಕ ಮಡಚಿ, “ನೀವು ಸೋತ ಮ್ಯಾಚಿನ ಸುದ್ದೀನ ಹೇಳವಲ್ರಿ ಅಲ್ಲ ಮಾವಾ?” ಎಂದ. ರಾಮದುರ್ಗದ ಮಾವ ನೇಕಾರರು. ಅಲ್ಲಿಯವರೆಗೆ ಸುಮ್ಮನೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. “ಕೇಳು,” ಎಂದರು. “ಆಟ ಅರ್ಧಕ್ಕ ಬಂದಿತ್ತು, ಮಳಿ ಹತ್ತಿತು. ತಗಡಿನ ಥೇಟರ. ಮಳಿ ತಗಡ ಬಡ್ಯಾಕ ಹತ್ತಿದ ಮ್ಯಾಲೆ ಒಂದು ಮಾತು ಕೇಳಸವಲ್ತು. ನೆಲದ ಟಿಕೀಟಿನವರ ಬುಡಕ ನೀರು. ಯಾರೂ ಏಳಲಿಲ್ಲ. ಪೆಟ್ಟಿಗಿ ಮಾಸ್ತರನ ಬಳ್ಳು ಆಡೂದು ಕಾಣತಿತ್ತು. ಯಾವ ಹಾಡು ಅಂತ ಬಳ್ಳ ನೋಡಿ ತಿಳಕೊಂಡು ನಾವ ಹಾಡಿದ್ವಿ.”

ಕಟ್ಟೆಯ ಮೇಲೆ ಯಾರೂ ಇದಕ್ಕೆ ತಕರಾರು ತೆಗೆಯಲಿಲ್ಲ. ಹುಡುಗ ಮಾವನ ಪಕ್ಕಕ್ಕೆ ಸರಿದು ಕುಳಿತು ವೆಸ್ಟ್ ಬ್ಲಾಕಿನ ಹಾಡುಗಳ ಸುದ್ದಿ ತೆಗೆದ. ಹೊಡೆದವರ ಹೆಸರೆಲ್ಲ ದಾಖಲೆಯಲ್ಲಿವೆ, ಆದರೆ ಗೋಲು ಬಿದ್ದಾಗ ತನ್ನನ್ನು ತಬ್ಬಿಕೊಂಡ ಗುರುತಿಲ್ಲದ ಮನುಷ್ಯ ಯಾವ ಪುಸ್ತಕದಲ್ಲೂ ಇರಲಾರ ಎಂದ. ಮಾವ ತಲೆಯಾಡಿಸಿ ಅವನ ಕೈಗೆ ಅಡಿಕೆ ಕೊಟ್ಟರು.

ನನಗೆ ಹೊಳೆದದ್ದು ಇಷ್ಟು. ಕಂಪನಿಯ ಪುಸ್ತಕ ಪರದೆಯ ಒಳಗಿನಿಂದ ಬಂದದ್ದು. ಮಾಲೀಕನಾದವನು ಊರು ಬಿಟ್ಟು ಊರಿಗೆ ಸಾಮಾನು ಸಾಗಿಸಿದ್ದು, ತಾಲೀಮು, ಪಾರ್ಟಿನವರ ಊಟ, ಕೂಡಿದ ಕಲೆಕ್ಷನ್ನು, ಕೂಡದ ಕಲೆಕ್ಷನ್ನು, ಇವನ್ನು ಅವನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಆ ಪುಸ್ತಕ ಇಲ್ಲದೆ ನಾವು ಬಡವರಾಗುತ್ತಿದ್ದೆವು. ಪರದೆಯ ಈಚೆಯ ಪುಸ್ತಕ ಬೇರೆಯೇ ಇದೆ. ಚಕ್ಕಡಿ ಕಟ್ಟಿಕೊಂಡು ಬಂದವರದು, ಬುತ್ತಿ ಬಿಚ್ಚಿದವರದು, ಒನ್ಸ್ ಮೋರ್ ಕೂಗಿದವರದು, ನಸುಕಿನಲ್ಲಿ ಹಾಡು ಗುನುಗುತ್ತ ಹೊಲದ ಹಾದಿ ಹಿಡಿದವರದು. ಅದು ಬರೆದಿಟ್ಟದ್ದಲ್ಲ, ಕಟ್ಟೆಗಳ ಮೇಲೆ ಹರಿದು ಹಂಚಿಹೋಗಿದೆ. ಹುಣ್ಣಿಮೆ ಯಾವುದೆಂದು ಅಣ್ಣತಮ್ಮಂದಿರು ಜಗಳಾಡುವಾಗ ಆ ಪುಸ್ತಕದ ಒಂದು ಪುಟ ತೆರೆದಿರುತ್ತದೆ. ಕಂಪನಿ ನಾಟಕ ಮುಗಿದ ಅಧ್ಯಾಯವೂ ಅಲ್ಲ. ಬಾದಾಮಿಯ ಬನಶಂಕರಿ ಜಾತ್ರೆಗೆ ಇಂದಿಗೂ ಕಂಪನಿಗಳು ಬಂದು ಸಾಲಾಗಿ ಥೇಟರು ಹಾಕುತ್ತವೆ, ರಾಮದುರ್ಗದ ಕಡೆಯಿಂದ ಮಂದಿ ಹೋಗಿ ರಾತ್ರಿಯಿಡೀ ನೋಡುತ್ತಾರೆ. ಆದರೆ ಬಾಳಪ್ಪನವರ ಬಸವಣ್ಣನನ್ನು ಕಂಡವರು ಈಗ ಎಂಬತ್ತರ ಆಚೆ ಈಚೆ ಇದ್ದಾರೆ.

ಆದ್ದರಿಂದ ಈ ನಾಲ್ಕು ತಾಲೂಕಿನ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಅಂಥ ಹಿರಿಯರಿದ್ದರೆ ಈ ಪುಸ್ತಕ ತಂದು ಅವರ ಮುಂದೆ ಗಟ್ಟಿಯಾಗಿ ಓದಿ. ಸುಮ್ಮನೆ ‘ನೆನಪು ಹೇಳ್ರಿ’ ಎಂದರೆ ಅವರಿಗೆ ಮಾತು ಹೊರಡುವುದಿಲ್ಲ. ಓದುತ್ತ ಹೋದರೆ ತಾವೇ ತಡೆಯುತ್ತಾರೆ. ತಡೆದಲ್ಲಿ ನಿಲ್ಲಿಸಿ, ಮೊಬೈಲಿನಲ್ಲಿ ದನಿ ಹಿಡಿದಿಡಿ: ಯಾವ ಊರು, ಯಾವ ಜಾತ್ರೆ, ಯಾರ ಜೊತೆ ಹೋದದ್ದು, ಯಾವ ಹಾಡಿಗೆ ಎಷ್ಟು ಸಲ ಒನ್ಸ್ ಮೋರ್. ಇಬ್ಬರ ಮಾತು ಕೂಡದಿದ್ದರೆ ಎರಡನ್ನೂ ಬರೆದುಕೊಳ್ಳಿ. ಈ ಹಂಗಾಮಿನಲ್ಲೇ ಮಾಡಿ, ಮುಂದಿನ ವರ್ಷಕ್ಕೆ ಬಿಡಬೇಡಿ.